ಸಹಕಾರಿ ಗುಂಪು ಕಲಿಕೆ: ಹಿರಿಯ ಪ್ರಾಥಮಿಕ ತರಗತಿಯಲ್ಲಿ ನಡೆಸುವ ಬಗೆ

ಐದು ಮಕ್ಕಳನ್ನು ದುಂಡಗೆ ಕೂರಿಸಿ, ಒಂದು ಚಾರ್ಟ್ ಹಾಳೆ ಮತ್ತು ಒಂದು ಸ್ಕೆಚ್ ಪೆನ್ ಕೊಟ್ಟು ‘ಚರ್ಚಿಸಿ ಬರೆಯಿರಿ’ ಎಂದರೆ ಏನಾಗುತ್ತದೆ ಎಂಬುದು ಪಾಠ ಮಾಡಿದವರಿಗೆಲ್ಲ ಗೊತ್ತು. ಅಕ್ಷರ ದುಂಡಾಗಿರುವ ಹುಡುಗಿ ಬರೆಯುತ್ತಾಳೆ, ಓದಿನಲ್ಲಿ ಮುಂದಿರುವ ಹುಡುಗ ಹೇಳಿ ಬರೆಸುತ್ತಾನೆ, ಮತ್ತೊಬ್ಬ ಅಂಚಿಗೆ ಬಣ್ಣ ಹಚ್ಚುತ್ತಾನೆ, ಉಳಿದಿಬ್ಬರು ಕಿಟಕಿಯ ಕಡೆ ತಿರುಗುತ್ತಾರೆ. ಅವಧಿ ಮುಗಿಯುವ ಹೊತ್ತಿಗೆ ಗೋಡೆಗೆ ಅಂಟಿಸಲು ಅಂದದ ಚಾರ್ಟ್ ಸಿದ್ಧವಾಗಿರುತ್ತದೆ. ಕಲಿತವರು ಮಾತ್ರ ಒಬ್ಬರೋ ಇಬ್ಬರೋ. ಇದಕ್ಕಾಗಿ ಮಕ್ಕಳನ್ನು ದೂರಿ ಫಲವಿಲ್ಲ. ಒಬ್ಬರೇ ಮುಗಿಸಬಹುದಾದ ಕೆಲಸವನ್ನು ಐವರ ಮುಂದಿಟ್ಟರೆ ಅದನ್ನು ಒಬ್ಬರೇ ಮುಗಿಸುತ್ತಾರೆ.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಸಹೋದರರು ಸಹಕಾರಿ ಕಲಿಕೆಗೆ ಐದು ಅಂಶಗಳನ್ನು ಗುರುತಿಸಿದ್ದಾರೆ: ಪರಸ್ಪರ ಅವಲಂಬನೆ, ಪ್ರತಿಯೊಬ್ಬರ ವೈಯಕ್ತಿಕ ಹೊಣೆ, ಎದುರುಬದುರು ಕುಳಿತು ನೆರವಾಗುವುದು, ಕೂಡಿ ಕೆಲಸ ಮಾಡುವ ಕೌಶಲ, ಮತ್ತು ಕೆಲಸ ನಡೆದ ರೀತಿಯ ಅವಲೋಕನ. ಇವುಗಳಲ್ಲಿ ಮೊದಲ ಎರಡು ಇಲ್ಲದಿದ್ದರೆ ಉಳಿದ ಮೂರಕ್ಕೆ ನೆಲೆಯೇ ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಪಾಠ ಯೋಜನೆ ಬರೆಯುವಾಗಲೇ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಈ ಕೆಲಸವನ್ನು ಒಂದು ಮಗು ಒಂಟಿಯಾಗಿ ಮುಗಿಸಲು ಸಾಧ್ಯವೇ? ಯಾವ ಮಗು ಏನು ಕಲಿಯಿತು ಎಂಬುದು ಕೊನೆಯಲ್ಲಿ ನನಗೆ ಹೇಗೆ ತಿಳಿಯುತ್ತದೆ?

ಗುಂಪಿನ ಗಾತ್ರ ನಾಲ್ಕಾದರೆ ಅನುಕೂಲ. ಆರು ಮಂದಿಯಾದರೆ ಅದು ಎರಡು ಗುಂಪುಗಳಾಗಿ ಒಡೆಯುತ್ತದೆ ಅಥವಾ ಇಬ್ಬರು ಸುಮ್ಮನಾಗುತ್ತಾರೆ. ಬೆಂಚುಗಳನ್ನು ಸರಿಸಲು ಜಾಗವಿಲ್ಲದ ಕೊಠಡಿಯಲ್ಲಿ ಒಂದು ಬೆಂಚಿನವರು ಹಿಂದಕ್ಕೆ ತಿರುಗಿ ಕುಳಿತರೂ ಸಾಕು. ಗುಂಪುಗಳನ್ನು ಮಕ್ಕಳ ಆಯ್ಕೆಗೆ ಬಿಡದೆ ಶಿಕ್ಷಕರೇ ಮಾಡಬೇಕು: ಓದಿನಲ್ಲಿ ಮುಂದಿರುವ ಒಬ್ಬರು, ಹಿಂದುಳಿದ ಒಬ್ಬರು, ನಡುವಿನ ಇಬ್ಬರು ಎಂಬುದು ಸಾಮಾನ್ಯ ಕ್ರಮ. ಮೂವರು ಹುಡುಗರ ನಡುವೆ ಒಬ್ಬಳೇ ಹುಡುಗಿಯನ್ನು ಹಾಕಿದರೆ ಅವಳ ಮಾತು ಕೇಳಿಸುವುದೇ ಇಲ್ಲವಾದ್ದರಿಂದ ಇಬ್ಬರನ್ನಾದರೂ ಜೊತೆಗೆ ಇಡುವುದು ಒಳ್ಳೆಯದು. ಯಾರು ಯಾರ ಪಕ್ಕದಲ್ಲಿ ಕೂರುತ್ತಾರೆ ಎಂಬುದರಲ್ಲಿ ಊರಿನ ಕೇರಿಗಳ ಗೆರೆ ಬೆಂಚಿನ ಮೇಲೂ ಕಾಣುವುದುಂಟು. ಅದನ್ನು ಮಾತಿನಲ್ಲಿ ಎತ್ತದೆ ಗುಂಪಿನ ರಚನೆಯಲ್ಲೇ ಅಳಿಸಬೇಕು. ಒಮ್ಮೆ ಮಾಡಿದ ಗುಂಪು ಒಂದೂವರೆ ಎರಡು ತಿಂಗಳಾದರೂ ಹಾಗೆಯೇ ಇರಲಿ.

ಪರಸ್ಪರ ಅವಲಂಬನೆಯನ್ನು ಪಾಠದೊಳಗೇ ಹೆಣೆಯಲು ಜಿಗ್‌ಸಾ ವಿಧಾನಕ್ಕಿಂತ ಉತ್ತಮವಾದುದು ಕಡಿಮೆ. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ, ಕರಿಯ ಮತ್ತು ಮೆಕ್ಸಿಕನ್ ಮೂಲದ ಮಕ್ಕಳನ್ನು ಮೊದಲ ಬಾರಿಗೆ ಒಂದೇ ತರಗತಿಯಲ್ಲಿ ಕೂರಿಸಿದಾಗ ಹುಟ್ಟಿದ ಹಗೆತನವನ್ನು ತಗ್ಗಿಸಲು ಮನಶ್ಶಾಸ್ತ್ರಜ್ಞ ಎಲಿಯಟ್ ಆ್ಯರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ರೂಪಿಸಿದ ವಿಧಾನವಿದು. ಪಾಠವನ್ನು ಭಾಗಗಳಾಗಿ ಒಡೆದು, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಟ್ಟು, ಅದನ್ನು ಉಳಿದವರಿಗೆ ಅವರಿಂದಲೇ ಹೇಳಿಸುವುದು ಇದರ ಕ್ರಮ. ಪಕ್ಕದವನು ಹೇಳದೆ ತನಗೆ ಪಾಠದ ಆ ಭಾಗ ಸಿಗದು ಎಂದಾದಾಗ, ಮಗು ಅವನ ಮಾತಿಗೆ ಕಿವಿಗೊಡಲೇಬೇಕಾಗುತ್ತದೆ.

36 ಮಕ್ಕಳಿರುವ ಏಳನೆಯ ತರಗತಿಯಲ್ಲಿ ಕಾವೇರಿ ನದಿಯ ಪಾಠವನ್ನು ಹೀಗೆ ಮಾಡುವುದನ್ನು ನೋಡೋಣ. ತಲಾ ನಾಲ್ವರಂತೆ ಒಂಬತ್ತು ಮೂಲ ಗುಂಪುಗಳಾಗುತ್ತವೆ. ವಿಷಯವನ್ನು ನಾಲ್ಕು ಚೀಟಿಗಳಾಗಿ ಒಡೆಯಬೇಕು: ಮೊದಲನೆಯದರಲ್ಲಿ ತಲಕಾವೇರಿಯಿಂದ ಸಮುದ್ರದವರೆಗಿನ ಹರಿವು, ಎರಡನೆಯದರಲ್ಲಿ ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ, ಶಿಂಷಾ, ಅರ್ಕಾವತಿ ಎಲ್ಲೆಲ್ಲಿ ಕೂಡುತ್ತವೆ ಎಂಬುದು, ಮೂರನೆಯದರಲ್ಲಿ 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಮತ್ತು ನೀರಾವರಿ, ನಾಲ್ಕನೆಯದರಲ್ಲಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ಶಿವನಸಮುದ್ರ. ಪ್ರತಿ ಚೀಟಿಯೂ ಅರ್ಧ ಪುಟ ಮೀರಬಾರದು. ಓದು ಕಷ್ಟವಾಗಿರುವ ಮಗುವಿಗೆ ಭೂಪಟವಿರುವ ಚೀಟಿ ಕೊಟ್ಟರೆ ಅದು ಧೈರ್ಯವಾಗಿ ತೋರಿಸಿ ಹೇಳುತ್ತದೆ. ಒಂದೇ ಚೀಟಿ ಬಂದವರು ಎದ್ದು ಒಟ್ಟಿಗೆ ಸೇರಿ ತಜ್ಞ ಗುಂಪಾಗುತ್ತಾರೆ. ಹಾಗೆ ಸೇರಿದರೆ ಒಂಬತ್ತು ಮಂದಿಯಾಗುವುದರಿಂದ ನಾಲ್ವರು ಮತ್ತು ಐವರ ಎರಡು ಗುಂಪುಗಳಾಗಿ ಒಡೆಯುವುದು ಅಗತ್ಯ. ಅಂದು 38 ಮಕ್ಕಳು ಬಂದಿದ್ದರೆ ಎರಡು ಮೂಲ ಗುಂಪುಗಳಲ್ಲಿ ಇಬ್ಬರು ಒಂದೇ ಚೀಟಿಯನ್ನು ಹಂಚಿಕೊಳ್ಳಲಿ.

ತಜ್ಞ ಗುಂಪಿನಲ್ಲಿ ಓದಿ ಅರ್ಥ ಮಾಡಿಕೊಳ್ಳುವುದಷ್ಟೇ ಸಾಲದು, ತಿರುಗಿ ಹೋಗಿ ಹೇಗೆ ಹೇಳಿಕೊಡಬೇಕು ಎಂಬುದನ್ನೂ ಅವರು ತೀರ್ಮಾನಿಸಬೇಕು. ಶಿಕ್ಷಕರ ಕಿವಿ ಹೆಚ್ಚು ಚುರುಕಾಗಿರಬೇಕಾದದ್ದು ಈ ಹಂತದಲ್ಲೇ. ಇಲ್ಲಿ ತಪ್ಪಾಗಿ ತಿಳಿದದ್ದು ಇನ್ನು ಹತ್ತು ನಿಮಿಷದಲ್ಲಿ ಹಲವು ಗುಂಪುಗಳಿಗೆ ಹರಡುತ್ತದೆ.

ಮೂಲ ಗುಂಪಿಗೆ ಮರಳಿ ನಾಲ್ವರೂ ತಮ್ಮ ಭಾಗವನ್ನು ಹೇಳಿಯಾದ ಮೇಲೆ ಅನೇಕರು ಪಾಠ ಮುಗಿಯಿತೆಂದು ಭಾವಿಸುತ್ತಾರೆ. ಆದರೆ ನಾಲ್ಕೂ ಚೀಟಿಗಳನ್ನು ಕೂಡಿಸದೆ ಉತ್ತರ ಸಿಗದ ಒಂದು ಪ್ರಶ್ನೆ ಇಲ್ಲದಿದ್ದರೆ ಜಿಗ್‌ಸಾ ಅರ್ಧಕ್ಕೇ ನಿಂತಂತೆ. ಉದಾಹರಣೆಗೆ: ‘ಕಬಿನಿಯ ನೀರು ಕೃಷ್ಣರಾಜಸಾಗರಕ್ಕೆ ಬರುತ್ತದೆಯೇ? ಶಿವನಸಮುದ್ರದ ವಿದ್ಯುತ್ತಿಗೆ ಅದು ನೆರವಾಗುತ್ತದೆಯೇ?’ ಕಬಿನಿ ನದಿ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ, ಶಿವನಸಮುದ್ರ ಅದಕ್ಕೂ ಕೆಳಗಿದೆ. ಆದ್ದರಿಂದ ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು. ಯಾವುದೇ ಒಂದು ಚೀಟಿಯಲ್ಲಿ ಈ ಉತ್ತರ ಇರುವುದಿಲ್ಲವಾದ್ದರಿಂದ ನಾಲ್ವರೂ ಭೂಪಟದ ಮೇಲೆ ಬಾಗುತ್ತಾರೆ. ಇಷ್ಟೆಲ್ಲ 40 ನಿಮಿಷಗಳ ಒಂದು ಅವಧಿಯಲ್ಲಿ ಆಗದು; ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿ ಎರಡು ಅವಧಿಗಳನ್ನು ಜೋಡಿಸಿಕೊಳ್ಳಬೇಕು.

ಗಣಿತದಂಥ ವಿಷಯಕ್ಕೆ ಹತ್ತೇ ನಿಮಿಷದಲ್ಲಿ ಮುಗಿಯುವ ಮತ್ತೊಂದು ದಾರಿಯಿದೆ. ಗುಂಪಿನ ನಾಲ್ವರಿಗೂ 1ರಿಂದ 4ರವರೆಗೆ ಸಂಖ್ಯೆ ಕೊಟ್ಟು, ‘5/6 ದೊಡ್ಡದೋ 7/9 ದೊಡ್ಡದೋ, ಏಕೆ?’ ಎಂದು ಕೇಳಿ, ಚರ್ಚೆಗೆ ಎರಡು ಮೂರು ನಿಮಿಷ ಬಿಡಬೇಕು. ನಂತರ ಒಂದು ಸಂಖ್ಯೆ ಕೂಗಬೇಕು. ಆ ಸಂಖ್ಯೆಯವರೆಲ್ಲ ಎದ್ದು ತಮ್ಮ ಗುಂಪಿನ ಪರವಾಗಿ ಉತ್ತರಿಸಬೇಕು. ಯಾವ ಸಂಖ್ಯೆ ಬರುತ್ತದೆಂದು ಮೊದಲೇ ತಿಳಿಯದ ಕಾರಣ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಎರಡೂ ಭಿನ್ನರಾಶಿಗಳ ಛೇದವನ್ನು 18ಕ್ಕೆ ತಂದು ಹೋಲಿಸುವುದನ್ನು ಹೇಳಿಕೊಡಲೇಬೇಕಾಗುತ್ತದೆ.

ಒಂದರಿಂದ ಮೂರನೆಯ ತರಗತಿವರೆಗೆ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ನಲಿ-ಕಲಿ ಪದ್ಧತಿಯಲ್ಲಿ ಕಲಿತ ಮಕ್ಕಳಿಗೆ ಗುಂಪಿನಲ್ಲಿ ಕೂರುವುದು ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ಸಹಪಾಠಿಗಳ ನೆರವಿನಿಂದ ಕಲಿಯುವ ಗುಂಪುಗಳೂ ಇವೆ. ನಾಲ್ಕನೆಯ ತರಗತಿಗೆ ಬಂದೊಡನೆ ಸಾಲಾಗಿ ಕೂರಿಸುವುದರಿಂದ ಆ ರೂಢಿ ತಪ್ಪುತ್ತದೆ, ಅಷ್ಟೇ. ಅದನ್ನು ಮರಳಿ ತರಲು ಸಣ್ಣ ನಿಯಮಗಳು ಸಾಕು: ಶಿಕ್ಷಕರು ಕೈ ಎತ್ತಿದರೆ ನೋಡಿದವರೆಲ್ಲ ಕೈ ಎತ್ತಿ ಮೌನವಾಗಬೇಕು; ಗುಂಪಿನ ನಾಲ್ವರಿಗೂ ಉತ್ತರ ತಿಳಿಯದಿದ್ದರೆ ಮಾತ್ರ ಶಿಕ್ಷಕರನ್ನು ಕೇಳಬೇಕು. ಎರಡನೆಯ ನಿಯಮವನ್ನು ಮುರಿಯುವವರು ಹೆಚ್ಚಾಗಿ ಶಿಕ್ಷಕರೇ, ಏಕೆಂದರೆ ಉತ್ತರ ಹೇಳದೆ ಸುಮ್ಮನಿರುವುದು ನಮಗೆ ಬಹಳ ಕಷ್ಟ. ಗದ್ದಲದ ಬಗ್ಗೆ ಪಕ್ಕದ ತರಗತಿಯವರಿಂದ ದೂರು ಬಂದೇ ಬರುತ್ತದೆ. ಅವರನ್ನು ಒಂದು ಅವಧಿ ಒಳಗೆ ಕರೆದು ಕೂರಿಸುವುದೇ ಅದಕ್ಕೆ ತಕ್ಕ ಉತ್ತರ.

ಅಂಕಗಳ ವಿಷಯದಲ್ಲಿ ಎಚ್ಚರ ಬೇಕು. ಗುಂಪಿಗೆಲ್ಲ ಒಂದೇ ಅಂಕ ಕೊಟ್ಟರೆ ದುಡಿದವರಿಗೆ ಅನ್ಯಾಯವಾಗುತ್ತದೆ, ಪೋಷಕರೂ ಒಪ್ಪುವುದಿಲ್ಲ. ಗುಂಪು ಕೆಲಸದ ನಂತರ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಕಿರುಪರೀಕ್ಷೆ ಬರೆಯಲಿ, ಆ ಅಂಕ ಅವರದೇ ಆಗಿ ದಾಖಲಾಗಲಿ. ಗುಂಪಿಗೆ ಮೆಚ್ಚುಗೆ ಕೊಡಲು ಅಮೆರಿಕದ ಶಿಕ್ಷಣ ಸಂಶೋಧಕ ರಾಬರ್ಟ್ ಸ್ಲೇವಿನ್ ಅವರ ಕ್ರಮ ನ್ಯಾಯವಾಗಿದೆ: ಪ್ರತಿ ಮಗು ತನ್ನ ಹಿಂದಿನ ಅಂಕಕ್ಕಿಂತ ಎಷ್ಟು ಮುಂದೆ ಬಂದಿದೆ ಎಂಬುದನ್ನು ಲೆಕ್ಕ ಹಾಕಿ, ಪೂರ್ಣ ಅಂಕ ಪಡೆದವರಿಗೂ ಗರಿಷ್ಠ ಪಾಯಿಂಟ್ ಕೊಟ್ಟು, ಅದನ್ನು ಗುಂಪಿನ ಖಾತೆಗೆ ಸೇರಿಸುವುದು. ಹತ್ತಕ್ಕೆ ಮೂರು ಪಡೆಯುತ್ತಿದ್ದ ಮಗು ಆರಕ್ಕೆ ಏರಿದರೆ ಗುಂಪಿಗೆ ಲಾಭವಾಗುವುದರಿಂದ, ಆ ಮಗುವನ್ನು ಹೊರೆಯೆಂದು ನೋಡುತ್ತಿದ್ದವರು ಅದಕ್ಕೆ ಹೇಳಿಕೊಡಲು ಮುಂದಾಗುತ್ತಾರೆ.

ಕೊನೆಯ ಐದು ನಿಮಿಷ ಅವಲೋಕನಕ್ಕೆ ಮೀಸಲಿರಲಿ. ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು ಸಾರ್’ ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. ‘ಇಂದು ಯಾರು ಹೇಳಿದ ಯಾವ ಮಾತಿನಿಂದ ನಿಮಗೆ ಅರ್ಥವಾಯಿತು?’ ಎಂದು ಕೇಳಬೇಕು. ಹೆಸರು ಹಿಡಿದು ಹೇಳಿಸಬೇಕು.

ಎಲ್ಲ ಪಾಠಕ್ಕೂ ಈ ವಿಧಾನ ಹೊಂದುವುದಿಲ್ಲ. ಭಾಗಾಕಾರದ ಕ್ರಮವನ್ನು ಮೊದಲ ಬಾರಿ ಕಲಿಸುವಾಗ, ಮೂಲ ಓದು ಬರಹವೇ ಬಾರದ ಮಗುವಿಗೆ ಅಕ್ಷರ ತಿದ್ದಿಸುವಾಗ ಶಿಕ್ಷಕರೇ ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕು. ಹೊಸದಾಗಿ ಆರಂಭಿಸುವವರು ವಾರಕ್ಕೊಮ್ಮೆ ಸಂಖ್ಯೆ ಕೂಗುವ ಚಟುವಟಿಕೆ ನಡೆಸಿ, ಮಕ್ಕಳು ಅದಕ್ಕೆ ಒಗ್ಗಿದ ಮೇಲೆ ತಿಂಗಳಿಗೆ ಒಂದು ಜಿಗ್‌ಸಾ ಪಾಠಕ್ಕೆ ಚೀಟಿ ಸಿದ್ಧಪಡಿಸಿಕೊಳ್ಳಬಹುದು.