ಮಳೆಗಾಲದ ಬಾಗಿಲಿಗೆ ಕೀಸುಳಿ ಹಾಕಬೇಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ತೋಟದ ನಡುವೆ ನಮ್ಮ ಮನೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಹಳೆಯದೂ ಹೊಸದೂ ಸೇರಿ ಹನ್ನೊಂದು ಬಾಗಿಲು. ಹದಿನೈದು ವರ್ಷಗಳಿಂದ ಇವುಗಳ ರಿಪೇರಿಯನ್ನು ನಾನೇ ಮಾಡುತ್ತಾ ಬಂದಿದ್ದೇನೆ. ಕಲಿತದ್ದು ಹೆಚ್ಚಾಗಿ ಕೆಡಿಸಿಯೇ. ಅದಕ್ಕೆ ಮೊದಲು ಕೆಡಿಸಿದ ಬಾಗಿಲಿನ ಕತೆಯಿಂದಲೇ ಶುರುಮಾಡುತ್ತೇನೆ.

ಅದು ಚಾವಡಿಯ ಹಲಸಿನ ಬಾಗಿಲು. ಜೂನ್ ಕೊನೆಗೆ ಚಿಲಕದ ಬದಿಯಲ್ಲಿ ದಾರಂದಕ್ಕೆ, ಅಂದರೆ ಬಾಗಿಲಿನ ಚೌಕಟ್ಟಿಗೆ, ಕಚ್ಚಿಕೊಳ್ಳಲು ತೊಡಗಿತು. ಅಮ್ಮನಿಗೆ ಅದನ್ನು ಎಳೆದು ತೆರೆಯುವಷ್ಟು ತ್ರಾಣವಿರಲಿಲ್ಲ. ನಾನು ಕೀಸುಳಿ ತಂದು ಅಂಚನ್ನು ಚೆನ್ನಾಗಿ ಕೀಸಿದೆ. ಮರದ ಸುರುಳಿಗಳು ಹಸಿ ವಾಸನೆಯೊಂದಿಗೆ ಬಿದ್ದವು, ಬಾಗಿಲು ಹಗುರವಾಗಿ ಮುಚ್ಚಿತು, ಮನೆಯವರೆಲ್ಲ ಸಂತೋಷಪಟ್ಟರು. ಫೆಬ್ರವರಿ ಬರುವಾಗ ಅದೇ ಬಾಗಿಲಿನ ಸಂದಿಯಲ್ಲಿ ಕಿರುಬೆರಳು ತೂರುತ್ತಿತ್ತು. ಚಿಲಕದ ತುದಿ ತೂತಿಗೆ ಅರ್ಧವೂ ಹೋಗುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಬಂದಿದ್ದ ಹಿರಿಯ ಆಚಾರಿಯೊಬ್ಬರು ಆ ಅಂಚಿನ ಮೇಲೆ ಬೆರಳಾಡಿಸಿ, “ಮಳೆಯಲ್ಲಿ ಕೀಸಿದಿರಾ? ಮರ ಕುಡಿದ ನೀರನ್ನು ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ. ನೀವು ಕೀಸಿ ತೆಗೆದದ್ದನ್ನು ಯಾರು ಕೊಡುತ್ತಾರೆ?” ಎಂದು ಕೇಳಿದರು. ಕೊನೆಗೆ ಅವರೇ ಅರ್ಧ ಇಂಚಿನ ಹಲಸಿನ ಪಟ್ಟಿಯೊಂದನ್ನು ಅಂಚಿಗೆ ಅಂಟಿಸಿ ಕೂಡಿಸಿದರು. ಆ ಜೋಡಣೆಯ ಗೆರೆ ಈಗಲೂ ಕಾಣುತ್ತದೆ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯಲ್ಲಿರುವ ತೇವವನ್ನು ಮರ ಹೀರಿಕೊಳ್ಳುತ್ತದೆ. ಆಗ ಅದು ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಅಗಲಕ್ಕೆ ಮಾತ್ರ ಉಬ್ಬುತ್ತದೆ. ಎರಡೂವರೆ ಅಡಿ ಅಗಲದ ಆ ಬಾಗಿಲನ್ನು ಆಮೇಲೆ ಒಂದು ವರ್ಷ ಅಳೆದು ಬರೆದಿಟ್ಟೆ: ಮಾರ್ಚ್‌ಗೂ ಜುಲೈಗೂ ನಾಲ್ಕು ಮಿಲಿಮೀಟರ್ ವ್ಯತ್ಯಾಸ. ಆದ್ದರಿಂದ ಮಳೆಗಾಲದಲ್ಲಿ ಬಾಗಿಲು ಬಿಗಿಯಾದರೆ ನಾನು ಪೆನ್ಸಿಲ್ ಹಿಡಿದು ಉಜ್ಜುವ ಜಾಗಕ್ಕೆ ಗುರುತು ಹಾಕಿಡುತ್ತೇನೆ, ಅಂಚಿಗೆ ಮೇಣದಬತ್ತಿ ತಿಕ್ಕಿ ಸದ್ಯಕ್ಕೆ ಸುಧಾರಿಸುತ್ತೇನೆ. ಕೀಸುವುದಿದ್ದರೆ ಅದು ಜನವರಿಯ ಕೆಲಸ. ಗುರುತು ಹಾಕಿದಷ್ಟೇ ಜಾಗದಲ್ಲಿ, ಒಂದೆರಡು ಎಳೆತ, ಅಷ್ಟೇ.

ಆದರೆ ಉಜ್ಜುವ ಬಾಗಿಲೆಲ್ಲ ಉಬ್ಬಿದ ಬಾಗಿಲಲ್ಲ. ನಮ್ಮ ಮನೆಯ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚಿನವು ಜೋತುಬಿದ್ದ ಬಾಗಿಲುಗಳು. ಬಾಗಿಲನ್ನು ಮುಚ್ಚಿ, ಒಳಗೆ ನಿಂತು ಸುತ್ತಲಿನ ಸಂದಿಯನ್ನು ಸಾವಕಾಶವಾಗಿ ನೋಡಬೇಕು. ಚಿಲಕದ ಬದಿಯ ಉದ್ದಕ್ಕೂ ಒಂದೇ ಸಮನಾಗಿ ಬಿಗಿಯಾಗಿದ್ದರೆ ಅದು ಮಳೆಯ ಕೆಲಸ. ಚಿಲಕದ ಬದಿಯ ಮೇಲಿನ ಮೂಲೆ ದಾರಂದಕ್ಕೆ ತಾಗಿ, ಅದೇ ಬದಿಯ ಕೆಳಮೂಲೆ ನೆಲವನ್ನು ಗೀರುತ್ತಿದ್ದರೆ, ಮತ್ತು ಮೇಲಿನ ಬಿಜಾಗರಿಯ ಹತ್ತಿರ ಸಂದಿ ಅಗಲವಾಗಿದ್ದರೆ, ಅದು ಬಿಜಾಗರಿಯದ್ದೇ ದೋಷ. ಇದನ್ನು ನೋಡದೆ ಕೀಸುಳಿ ಹಿಡಿದರೆ ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ.

ಬಿಜಾಗರಿ ಎಂಬ ಮಾತು ನನಗೆ ಬಹಳ ಇಷ್ಟ. ಪೇಟೆಯ ಅಂಗಡಿಯಲ್ಲಿ ನಾನು ಬಿಜಾಗರಿ ಎಂದು ಕೇಳಿದರೆ, ಅಂಗಡಿಯ ಹುಡುಗ ಒಳಗೆ ತಿರುಗಿ ಮಲಯಾಳದಲ್ಲಿ ವಿಜಾಗಿರಿ ಎಂದು ಕೂಗುತ್ತಾನೆ. ಎರಡೂ ಪೋರ್ಚುಗೀಸರ ಬಿಸಾಗ್ರಾದಿಂದ ಬಂದವು. ಗಡಿಯ ಎರಡು ಭಾಷೆಗಳು ಒಂದೇ ಬಾಗಿಲಿಗೆ ನೇತುಬಿದ್ದ ಹಾಗೆ ಅನ್ನಿಸುತ್ತದೆ.

ದಪ್ಪ ಹಲಸಿನ ಒಂದು ಬಾಗಿಲು ಮೂವತ್ತು ಕಿಲೋ ತೂಗುತ್ತದೆ. ಆ ಭಾರ ಕೆಳಗಿನ ಬಿಜಾಗರಿಯನ್ನು ದಾರಂದಕ್ಕೆ ಒತ್ತುತ್ತದೆ, ಮೇಲಿನದನ್ನು ಹೊರಕ್ಕೆ ಎಳೆಯುತ್ತದೆ. ಹಾಗಾಗಿ ಮೊದಲು ಸಡಿಲವಾಗುವುದು ಮೇಲಿನ ಬಿಜಾಗರಿಯ ಸ್ಕ್ರೂ. ಸ್ಕ್ರೂವನ್ನು ತಿರುಗಿಸಿದಾಗ ಬಿಗಿಯಾಗದೆ ಸುಮ್ಮನೆ ಸುತ್ತುತ್ತಿದ್ದರೆ ಮರದ ತೂತು ಸವೆದುಹೋಗಿದೆ ಎಂದು ಅರ್ಥ. ಮೊದಮೊದಲು ನಾನು ಹಿಡಿಸೂಡಿಯ ಕಡ್ಡಿಗಳನ್ನು ಮುರಿದು ತೂತಿಗೆ ತುರುಕಿ ಸ್ಕ್ರೂ ಕೂರಿಸುತ್ತಿದ್ದೆ. ಅದು ಒಂದು ತಿಂಗಳು ನಿಲ್ಲುತ್ತಿತ್ತು. ತೆಂಗಿನ ಕಡ್ಡಿಯ ಮೈ ನುಣುಪು, ಅದಕ್ಕೆ ಅಂಟು ಹಿಡಿಯುವುದಿಲ್ಲ. ಈಗ ಬಿದಿರಿನ ಬೆಣೆ ಮಾಡುತ್ತೇನೆ, ಅದು ವರ್ಷಗಟ್ಟಲೆ ನಿಂತಿದೆ.

ಆ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಒಮ್ಮೆ ಇದು ಕೈಗೆ ಹತ್ತಿದರೆ ಮನೆಯ ಬಾಗಿಲುಗಳ ಅರ್ಧ ತೊಂದರೆ ಮುಗಿದಂತೆ. ಬಾಗಿಲನ್ನು ತೆರೆದಿಟ್ಟು, ಚಿಲಕದ ಬದಿಯ ಅಡಿಗೆ ಎರಡು ಬೆಣೆಗಳನ್ನು ಎದುರುಬದುರಾಗಿ ತಳ್ಳಿ, ಭಾರ ನೆಲಕ್ಕೆ ಬರುವಂತೆ ಮಾಡುತ್ತೇನೆ. ಅಡಿಕೆ ಮರದ ಸಲಾಕೆಯ ತುಂಡಿನಿಂದ ಮಾಡಿದ ಬೆಣೆ ಇದಕ್ಕೆ ಚೆನ್ನಾಗಿ ಆಗುತ್ತದೆ. ಎಲ್ಲ ಬಿಜಾಗರಿಗಳನ್ನು ಒಟ್ಟಿಗೆ ಬಿಚ್ಚುವುದಿಲ್ಲ, ಒಂದೊಂದೇ. ಸವೆದ ತೂತನ್ನು ಹತ್ತು ಮಿಲಿಮೀಟರ್ ಬಿಟ್ ಹಾಕಿ, ಎರಡು ಇಂಚು ಆಳಕ್ಕೆ ಶುದ್ಧವಾಗಿ ಕೊರೆಯುತ್ತೇನೆ. ಒಣಗಿದ ದಪ್ಪ ಬಿದಿರಿನ ಹೊರಗಿನ ಹಸಿರು ಸಿಪ್ಪೆಯನ್ನು ಪೂರ್ತಿ ಹೆರೆದು, ತುದಿ ಸ್ವಲ್ಪ ಸಪುರವಾಗುವಂತೆ ಬೆಣೆ ಕೆತ್ತುತ್ತೇನೆ. ಬೆಣೆಗೂ ತೂತಿನ ಒಳಗೂ ಫೆವಿಕಾಲ್ ಸವರಿ ಕೊಡತಿಯಿಂದ ಹೊಡೆಯಬೇಕು. ಹೊಡೆತದ ಸದ್ದು ಮೊದಲು ಟೊಳ್ಳಾಗಿರುತ್ತದೆ, ಬೆಣೆ ತಳ ಮುಟ್ಟುತ್ತಿದ್ದಂತೆ ಗಟ್ಟಿಯಾಗುತ್ತದೆ. ಆ ಸದ್ದು ಬದಲಾದ ಕೂಡಲೇ ನಿಲ್ಲಿಸಬೇಕು, ಇಲ್ಲವಾದರೆ ಹಳೆಯ ದಾರಂದ ಸೀಳುತ್ತದೆ. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೊರಗೆ ಉಳಿದ ತುದಿಯನ್ನು ಉಳಿಯಿಂದ ಸಮತಟ್ಟು ಮಾಡಿ, ಮೂರು ಮಿಲಿಮೀಟರ್‌ನ ಸಣ್ಣ ತೂತು ಕೊರೆದು ಎರಡು ಇಂಚಿನ ಸ್ಕ್ರೂ ಹಾಕುತ್ತೇನೆ. ಸ್ಕ್ರೂವಿನ ಎಳೆಗಳಿಗೆ ಸಾಬೂನು ಹಚ್ಚುವ ರೂಢಿ ನಮ್ಮಲ್ಲಿದೆ. ಸಾಬೂನು ತೇವ ಹೀರಿ ಕಬ್ಬಿಣಕ್ಕೆ ತುಕ್ಕು ತರುತ್ತದೆ, ಅದರ ಬದಲು ಮೇಣ ಹಚ್ಚಿ.

ಸ್ಕ್ರೂ ಉದ್ದವಾದಷ್ಟೂ ಒಳ್ಳೆಯದು ಎಂದು ಹೇಳುವವರಿದ್ದಾರೆ. ದಾರಂದದ ದಪ್ಪ ಇರುವಷ್ಟು ಉದ್ದ ಸರಿ. ಅದನ್ನು ದಾಟಿ ಗೋಡೆಗೆ ಹೋದರೆ ನಮ್ಮ ಕೆಂಪುಕಲ್ಲು ಹುಡಿಯಾಗುತ್ತದೆ, ಸ್ಕ್ರೂವನ್ನು ಹಿಡಿಯುವುದಿಲ್ಲ. ದಾರಂದವೇ ಗೋಡೆಯಲ್ಲಿ ಅಲುಗಾಡುತ್ತಿದ್ದರೆ ಅದು ಮೇಸ್ತ್ರಿಯ ಕೆಲಸ. ನಾನೂ ಅದಕ್ಕೆ ಕೈ ಹಾಕಿಲ್ಲ.

ಸ್ಕ್ರೂ ಎಲ್ಲವೂ ಬಿಗಿಯಾಗಿದ್ದು ಬಾಗಿಲು ಇನ್ನೂ ಒಂದು ಕೂದಲೆಳೆಯಷ್ಟು ಜೋತಿದ್ದರೆ, ಕೆಳಗಿನ ಬಿಜಾಗರಿಯ ಹಿಂದೆ ದಪ್ಪ ಕಾಗದ ಇಡುತ್ತೇನೆ. ಹಳೆಯ ಮದುವೆ ಕಾಗದ ಇದಕ್ಕೆ ಬಹಳ ಒಳ್ಳೆಯದು. ಬಾಗಿಲಿನ ಕೆಳಭಾಗ ಚಿಲಕದ ಕಡೆಗೆ ಸ್ವಲ್ಪ ಸರಿದು, ಚಿಲಕದ ಬದಿ ಮೇಲೆ ಏಳುತ್ತದೆ. ಒಂದು ಪದರ ಸಾಲದಿದ್ದರೆ ಎರಡು. ಮೂರು ಬೇಕಾಗುವುದಾದರೆ ದೋಷ ಬೇರೆಲ್ಲೋ ಇದೆ.

ಚಿಲಕ ತೂತಿಗೆ ಸೇರದಿದ್ದರೆ ತುದಿಗೆ ಸ್ವಲ್ಪ ಕಾಡಿಗೆ ಹಚ್ಚಿ ಬಾಗಿಲು ಮುಚ್ಚಿ ತಳ್ಳಿದರೆ ಸಾಕು. ಎಲ್ಲಿ ತಾಗುತ್ತದೆ ಎಂಬುದು ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಒಂದೆರಡು ಮಿಲಿಮೀಟರ್ ಆದರೆ ತಗಡಿನ ತೂತನ್ನು ಅರದಿಂದ ಉಜ್ಜಿ ಅಗಲಿಸಬಹುದು. ಹೆಚ್ಚಾದರೆ ತಗಡನ್ನೇ ಕಿತ್ತು ಕೆಳಗಿಳಿಸಬೇಕು. ಅದಕ್ಕೂ ಮೊದಲು ಬಾಗಿಲು ಜೋತಿದೆಯೇ ಎಂದು ನೋಡಿ. ಜೋತ ಬಾಗಿಲನ್ನು ಸರಿಮಾಡಿದರೆ ಚಿಲಕ ತಾನಾಗಿ ಜಾಗಕ್ಕೆ ಬರುತ್ತದೆ.

ಕಿರುಗುಟ್ಟುವ ಬಿಜಾಗರಿಗೆ ತೆಂಗಿನೆಣ್ಣೆ ಬಿಡುವುದು ನಮ್ಮ ಎಲ್ಲ ಮನೆಗಳ ಪದ್ಧತಿ. ಎರಡು ದಿನ ಸದ್ದು ನಿಲ್ಲುತ್ತದೆ, ಆಮೇಲೆ ಎಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ. ಹಳೆಯ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡೇ ಹನಿ ಬಿಟ್ಟು ಬಾಗಿಲನ್ನು ಹತ್ತಿಪ್ಪತ್ತು ಸಲ ಆಡಿಸಿ.

ಇನ್ನು ಬಚ್ಚಲಿನ ಬಾಗಿಲು. ಇದು ನನ್ನನ್ನು ಬಹಳ ಕಾಡಿದ್ದು. ಅಡಿಯ ಆರಿಂಚು ಮೆತ್ತಗಾಗಿ, ಉಗುರಿನಿಂದ ಒತ್ತಿದರೆ ಒಳಹೋಗುತ್ತಿತ್ತು. ನೀರು ತಾಗದಿರಲಿ ಎಂದು ಕೆಳಭಾಗಕ್ಕೆ ಅಲ್ಯೂಮಿನಿಯಂ ತಗಡು ಹೊಡೆದೆ. ಎರಡು ವರ್ಷ ಕಳೆದು ತಗಡು ಕಿತ್ತಾಗ ಹಿಂದೆ ಮರವೇ ಇರಲಿಲ್ಲ, ಕಪ್ಪು ಮಣ್ಣಿನಂಥ ಪುಡಿ ಇತ್ತು. ಮೊಳೆಯ ತೂತುಗಳಿಂದ ಒಳಹೋದ ನೀರಿಗೆ ಹೊರಬರಲು ದಾರಿ ಇರಲಿಲ್ಲ. ಆ ಸಲ ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಗರಗಸದಿಂದ ಕೊಯ್ದು ತೆಗೆದೆ. ಉಳಿದ ಬಾಗಿಲನ್ನು ಬೇಸಗೆಯ ಬಿಸಿಲಿಗೆ ಹತ್ತು ದಿನ ಒಣಗಿಸಿದೆ. ಹಳೆಯ ಕಿಟಕಿಯಿಂದ ಉಳಿದಿದ್ದ ಬೋಗಿ ಮರದ ಪಟ್ಟಿಯನ್ನು ಜೋಡಿಸಿ, ಒಳಗೆ ಮರದ ಗೂಟ ಕೊಟ್ಟು, ನೀರಿಗೆ ಬಿಡದ ಅಂಟಿನಿಂದ ಕೂರಿಸಿದೆ. ಕೆಳಗೆ ಅರ್ಧ ಇಂಚು ಸಂದಿ ಉಳಿಸಿದೆ, ನೆಲದ ನೀರು ಮುಟ್ಟದಿರಲಿ, ಗಾಳಿಯಾಡಲಿ ಎಂದು. ತಗಡು ಹೊಡೆಯಲಿಲ್ಲ.

ಆ ಬಾಗಿಲನ್ನು ಬಿಚ್ಚಿ ಅಂಗಳದಲ್ಲಿ ಮಲಗಿಸಿದಾಗಲೇ ನನ್ನ ಕಣ್ಣಿಗೆ ಬಿದ್ದದ್ದು: ಎದುರು, ಹಿಂದು, ಎರಡು ಬದಿಗಳಿಗೆ ನಾಲ್ಕು ಸಲ ಪೈಂಟ್ ಆಗಿತ್ತು, ಅಡಿಯ ಅಂಚು ಮಾತ್ರ ಆಚಾರಿ ಕೊಯ್ದು ಬಿಟ್ಟಂತೆ ಬರೀ ಮರ. ಬಾಗಿಲು ನಿಲ್ಲಿಸಿದ ಮೇಲೆ ಪೈಂಟ್ ಮಾಡಿದರೆ ಅಡಿಗೆ ಕುಂಚ ಹೋಗುವುದಿಲ್ಲ, ಮೇಲಿನ ಅಂಚು ಯಾರ ಕಣ್ಣಿಗೂ ಕಾಣುವುದಿಲ್ಲ. ನೀರು ಕುಡಿಯುವುದು ಅಲ್ಲಿಂದಲೇ. ಮರದ ನಾರು ಕೊನೆಯಾಗುವ ಆ ತುದಿ, ಪಕ್ಕದ ಮೈಗಿಂತ ಎಷ್ಟೋ ಪಾಲು ವೇಗವಾಗಿ ನೀರನ್ನು ಎಳೆಯುತ್ತದೆ. ಅಂದೇ ಕನ್ನಡಿ ತಂದು ಉಳಿದ ಹತ್ತು ಬಾಗಿಲುಗಳ ಅಡಿಗೆ ಜಾರಿಸಿ, ಟಾರ್ಚ್ ಹಿಡಿದು ನೋಡಿದೆ. ಏಳರ ಅಡಿ ಬರೀ ಮರ.

ಆ ಬೇಸಗೆಯಲ್ಲಿ ಏಳನ್ನೂ ಬಿಚ್ಚಿದೆ. ಹಟ್ಟಿಯ ಬದಿಯ ಎರಡು ಬಾಗಿಲುಗಳ ಅಡಿಗೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಹಚ್ಚಿದೆ. ಕೈಗೆ ತಾಗಿದರೆ ಚರ್ಮ ಸುಡುವ ಎಣ್ಣೆ ಅದು, ಗ್ಲೌಸ್ ಇಲ್ಲದೆ ಮುಟ್ಟಬಾರದು. ಒಳಗಿನ ಬಾಗಿಲುಗಳಿಗೆ ಪ್ರೈಮರ್ ಮತ್ತು ಎರಡು ಸಲ ಪೈಂಟ್. ಒಂದು ದಾರಂದದ ಬುಡದಲ್ಲಿ ಗೆದ್ದಲಿನ ಮಣ್ಣಿನ ದಾರಿ ಕಂಡಿತು. ಎಂಡೋಸಲ್ಫಾನ್ ಏನು ಮಾಡಿತೆಂದು ಕಣ್ಣಾರೆ ಕಂಡ ಊರು ನಮ್ಮದು, ಮನೆಯೊಳಗೆ ಕೀಟನಾಶಕ ಸಿಂಪಡಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಣ್ಣನ್ನು ಕೆರೆದು ತೆಗೆದು, ಬೊರಾಕ್ಸನ್ನು, ಅಂದರೆ ಬಿಳಿಗಾರವನ್ನು, ಬಿಸಿನೀರಿನಲ್ಲಿ ಕರಗಿಸಿ ಬರೀ ಮರಕ್ಕೆ ಮೂರು ಸಲ ಕುಡಿಸಿ, ಒಣಗಿದ ಮೇಲೆ ಪೈಂಟ್ ಮಾಡಿದೆ. ಮಳೆ ಬಡಿಯುವ ಕಡೆ ಬೊರಾಕ್ಸ್ ತೊಳೆದುಹೋಗುತ್ತದೆ, ಒಳಗಿನ ಮರಕ್ಕೆ ಮಾತ್ರ ಅದು ಸರಿ. ಮಕ್ಕಳ ಕೈಗೂ ಸಿಗಬಾರದು.

ಮರುವರ್ಷ ಜೂನ್‌ನಲ್ಲಿ ಪೆನ್ಸಿಲ್ ಹಿಡಿದು ಕಾದು ಕುಳಿತೆ. ಬಿಗಿಯಾದದ್ದು ಹನ್ನೊಂದರಲ್ಲಿ ಎರಡೇ. ಚಾವಡಿಯ ಬಾಗಿಲು ಅವುಗಳಲ್ಲಿ ಒಂದಲ್ಲ. ಅಮ್ಮ ಈಗ ಅದನ್ನು ಒಂದೇ ಕೈಯಿಂದ ಎಳೆದುಕೊಂಡು ಜಗಲಿಗೆ ಹೋಗುತ್ತಾರೆ. ಬಿಗಿಯಾದ ಆ ಎರಡರ ಗುರುತುಗಳು ಅಂಚಿನಲ್ಲಿ ಹಾಗೆಯೇ ಇವೆ, ಜನವರಿ ಬರಬೇಕು.