ಅಮೆರಿಕದ ಗೆಳೆಯ ‘ನಾನು ಐರಿಶ್’ ಅಂದರೆ

ಬೋಸ್ಟನ್ ಕಡೆ ಇರುವ ನಮ್ಮವರು ಈ ಮಾತು ಕೇಳಿಯೇ ಇರುತ್ತೀರಿ. ಹುಟ್ಟಿದ್ದು, ಬೆಳೆದದ್ದು ಎಲ್ಲ ಅಮೆರಿಕದಲ್ಲಿ, ಒಮ್ಮೆಯೂ ಅಟ್ಲಾಂಟಿಕ್ ದಾಟಿಲ್ಲ, ಆದರೂ ‘ಐ ಆಮ್ ಐರಿಶ್’ ಅನ್ನುತ್ತಾರೆ. ನಗಬೇಡಿ. ನಮ್ಮ ಮನೆತನದ ಮೂಲ ಐರ್ಲೆಂಡಿನದು ಅಂತ ಅರ್ಥ, ಅಷ್ಟೇ. 2020ರ ಅಮೆರಿಕದ ಜನಗಣತಿಯಲ್ಲಿ ಹಾಗೆ ಬರೆಸಿದವರು ಸುಮಾರು 3.86 ಕೋಟಿ. ಐರ್ಲೆಂಡ್ ಗಣರಾಜ್ಯದ ಜನಸಂಖ್ಯೆಯೇ 2022ರ ಅಲ್ಲಿನ ಜನಗಣತಿಯಲ್ಲಿ 51 ಲಕ್ಷ ಚಿಲ್ಲರೆ!

ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನಲ್ಲಿ ಇದೇ ಮಾತು ಬೇರೆ ಥರ ಕೇಳಿಸುತ್ತದೆ. ಅಲ್ಲಿಯವರಿಗೆ ಐರಿಶ್ ಅಂದರೆ ಆ ಮಣ್ಣಿನಲ್ಲಿ ಬೆಳೆದವರು. ‘ಪ್ಲಾಸ್ಟಿಕ್ ಪ್ಯಾಡಿ’, ಅಂದರೆ ನಕಲಿ ಐರಿಶ್, ಅಂತ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ.

ಆದ್ದರಿಂದ ಗೆಳೆಯ ಅಲ್ಲಿಗೆ ಹೊರಟರೆ ಮೊದಲು ಇದನ್ನು ಹೇಳಿ: ದೇಶ ಬಿಡು, ಊರು ಹೇಳು. ‘ನಮ್ಮ ಮುತ್ತಜ್ಜಿ ಮೇಯೋ ಕೌಂಟಿಯ ಬ್ಯಾಲಿನಾದವರು’ ಅಂದರೆ ಸಾಕು, ಮಾತು ಸಲೀಸಾಗಿ ಮುಂದುವರಿಯುತ್ತದೆ. ನಾವೂ ಯಾರಾದರೂ ಸಿಕ್ಕರೆ ಮೊದಲು ಕೇಳುವುದು ಯಾವೂರು ಅಂತಲೇ ಅಲ್ವಾ?

ಊರೇ ಗೊತ್ತಿಲ್ಲದಿದ್ದರೆ ಹುಡುಕಾಟ ಅಮೆರಿಕದಿಂದಲೇ ಶುರುವಾಗಬೇಕು. ಹಳೆಯ ಸಮಾಧಿ ಕಲ್ಲು, ಚರ್ಚಿನ ಮದುವೆ ದಾಖಲೆ, ಪೌರತ್ವದ ಕಾಗದ ನೋಡಬೇಕು, ಎಲ್ಲೋ ಒಂದು ಕಡೆ ಕೌಂಟಿಯ ಹೆಸರು ಸಿಗಬಹುದು. ಆಮೇಲೆ ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರ. 1901 ಮತ್ತು 1911ರ ಜನಗಣತಿ ಆನ್‌ಲೈನಿನಲ್ಲಿ ಉಚಿತ. ಆದರೆ 1845ರಿಂದ 1852ರವರೆಗಿನ ಆಲೂಗಡ್ಡೆ ಬರಗಾಲದಲ್ಲಿ ಹಡಗು ಹತ್ತಿದವರು ಅದರಲ್ಲಿ ಹೇಗೆ ಇರುತ್ತಾರೆ? 1901ಕ್ಕೂ ಹಿಂದಿನ ಜನಗಣತಿಯ ಹಾಳೆಗಳಲ್ಲಿ ಬಹುಪಾಲು ಹೋಗಿವೆ. ಕೆಲವನ್ನು ಸರ್ಕಾರವೇ ನಾಶ ಮಾಡಿತ್ತು, ಉಳಿದವುಗಳಲ್ಲಿ ಹೆಚ್ಚಿನವು 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿ ಸುಟ್ಟುಹೋದವು. ಅಂಥವರಿಗೆ ದಾರಿ ಎಂದರೆ ರಾಷ್ಟ್ರೀಯ ಗ್ರಂಥಾಲಯ ಆನ್‌ಲೈನಿಗೆ ಹಾಕಿರುವ ಕ್ಯಾಥೊಲಿಕ್ ಚರ್ಚುಗಳ ದಾಖಲೆ. ಕೈಬರಹ ಓದಲು ತಾಳ್ಮೆ ಬೇಕು.

ಪಾಸ್‌ಪೋರ್ಟ್ ಆಸೆ ಇದ್ದರೆ ಲೆಕ್ಕ ಸರಳ. ಅಜ್ಜನೋ ಅಜ್ಜಿಯೋ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಅರ್ಜಿ ಹಾಕಬಹುದು. ಬರೀ ಮುತ್ತಜ್ಜನ ಹೆಸರು ಹೇಳಿದರೆ ಸಾಲದು.

ಇನ್ನೊಂದು, ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬವನ್ನು ‘ಪ್ಯಾಟಿ’ ಅನ್ನಬೇಡ ಅಂತ ಹೇಳಿ, ‘ಪ್ಯಾಡಿ’ ಅನ್ನಲಿ. ಡಿಎನ್‌ಎ ಪರೀಕ್ಷೆಯ ಶೇಕಡಾವಾರು ಲೆಕ್ಕ ಮಾತ್ರ ದಯವಿಟ್ಟು ಬೇಡ.

ಇಷ್ಟಾದರೂ ಯಾರಾದರೂ ಕಾಲೆಳೆದರೆ ಮನಿಗಾಲ್ ಹಳ್ಳಿ ನೆನಪಿಸಲಿ. ಒಬಾಮಾ ಅವರ ತಾಯಿಯ ಕಡೆಯ ಹಿರಿಯರೊಬ್ಬರು 1850ರಲ್ಲಿ ಅಲ್ಲಿಂದ ಹೊರಟವರು. 2011ರಲ್ಲಿ ಒಬಾಮಾ ಬಂದು ಊರಿನ ಪಬ್‌ನಲ್ಲಿ ಬಿಯರ್ ಕುಡಿದು ಹೋದರು. ಈಗ ಅಲ್ಲಿನ ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕ್ ಹೆಸರು ಬರಾಕ್ ಒಬಾಮಾ ಪ್ಲಾಜಾ.