ಬೆಳಗಿನ ಚಳಿಗೆ ಅದುರುತ್ತಿದ್ದ ಹಳೆಯ ಲಾರಿ ಎಂಜಿನ್: ದೋಷ ಸಿಕ್ಕಿದ್ದು ಡೀಸೆಲ್ ಲೈನಿನಲ್ಲಿ

ದಾವಣಗೆರೆಯಲ್ಲಿ ಮೆಕ್ಕೆಜೋಳ ಸಾಗಿಸುವ ನಮ್ಮ ಹಳೆಯ ಲಾರಿಯದು ಇನ್‌ಲೈನ್ ಪಂಪಿನ (ಸಿಲಿಂಡರ್‌ಗಳಿಗೆ ಡೀಸೆಲ್ ಒತ್ತಿ ಕಳಿಸುವ ಪಂಪು) ಆರು ಸಿಲಿಂಡರ್ ಎಂಜಿನ್. ಡಿಸೆಂಬರಿನ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಆರ್‌ಪಿಎಂ ಏರಿಳಿದು, ಕ್ಯಾಬಿನ್ ಅದುರಿ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ಎಲ್ಲವೂ ಸರಿಯಾಗುತ್ತಿತ್ತು.

ಡೀಸೆಲ್ ಫಿಲ್ಟರ್ ಬದಲಾಯಿಸಿದ್ದು, ಡೀಸೆಲ್ ಸಿಂಪಡಿಸುವ ನಾಝಲ್‌ಗಳನ್ನು ಪರೀಕ್ಷೆಗೆ ಕೊಟ್ಟದ್ದು, ಹೊಸ ಬ್ಯಾಟರಿ ಹಾಕಿದ್ದು ಯಾವುದೂ ಫಲ ಕೊಡಲಿಲ್ಲ. ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ) ಏರಿಸಿದಾಗ ನಡುಕ ತಗ್ಗಿದಂತೆ ಕಂಡಿತಾದರೂ ಅದು ದೋಷವನ್ನು ಮುಚ್ಚಿಡುವ ಉಪಾಯವೇ ಹೊರತು ದುರಸ್ತಿಯಲ್ಲ.

ದೋಷವನ್ನು ಹಿಡಿದುಕೊಟ್ಟದ್ದು ಗೇಣುದ್ದದ ಪಾರದರ್ಶಕ ಪೈಪು. ಟ್ಯಾಂಕಿನಿಂದ ಫೀಡ್ ಪಂಪಿಗೆ (ಡೀಸೆಲ್ ಎಳೆದು ಮುಂದೆ ಕಳಿಸುವ ಪಂಪು) ಬರುವ ಲೈನಿನ ನಡುವೆ, ಪಂಪಿನ ಹತ್ತಿರವೇ, ಅದನ್ನು ಸಂಜೆ ಕ್ಲಿಪ್ ಹಾಕಿ ಜೋಡಿಸಿ ಎಂಜಿನ್ ಓಡಿಸಿ ನಿಲ್ಲಿಸಿದೆ. ಬೆಳಿಗ್ಗೆ ನೋಡಿದಾಗ ಪೈಪಿನಲ್ಲಿದ್ದ ಡೀಸೆಲ್, ಟ್ಯಾಂಕಿನತ್ತ ಹಿಂದೆ ಸರಿದಿತ್ತು. ಸ್ಟಾರ್ಟ್ ಮಾಡಿದಾಗ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಹರಿದವು. ಎಂಜಿನ್ ಓಡುವಾಗ ಈ ಭಾಗದಲ್ಲಿರುವುದು ಒತ್ತಡವಲ್ಲ, ಎಳೆತ. ಆದ್ದರಿಂದ ಸಣ್ಣ ಬಿರುಕಿನಿಂದ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ಸೇರಿ, ಸಿಲಿಂಡರ್‌ಗಳಿಗೆ ಡೀಸೆಲ್ ಸಮನಾಗಿ ಹೋಗದಂತೆ ಮಾಡುತ್ತದೆ, ಹೊರಗಿನಿಂದ ಒರೆಸಿ ನೋಡಿದರೆ ಏನೂ ಕಾಣದು.

ಕ್ಲಿಪ್ಪಿನಡಿ ಬಿರಿದಿದ್ದ ರಬ್ಬರ್ ಹೋಸನ್ನೂ ಬ್ಯಾಂಜೋ ಬೋಲ್ಟಿನ (ಲೈನನ್ನು ಜೋಡಿಸುವ ಟೊಳ್ಳು ಬೋಲ್ಟು) ಎರಡೂ ಬದಿಯ ತಾಮ್ರದ ವಾಷರ್‌ಗಳನ್ನೂ ಬದಲಿಸಿದೆ. ಅನಂತರ ಹ್ಯಾಂಡ್ ಪ್ರೈಮರ್ (ಡೀಸೆಲ್ ತುಂಬಿಸುವ ಕೈಪಂಪು) ಒತ್ತುತ್ತ ಮೊದಲು ಫಿಲ್ಟರಿನ, ಆಮೇಲೆ ಇನ್‌ಲೈನ್ ಪಂಪಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ತಿರುಪು) ಸಡಿಲಿಸಿ, ನೊರೆಯಿಲ್ಲದ ಡೀಸೆಲ್ ಬಂದ ಮೇಲೆಯೇ ಬಿಗಿದೆ. ಈ ಕ್ರಮ ತಿರುವುಮುರುವಾದರೆ ಫಿಲ್ಟರಿನ ಗಾಳಿ ಮತ್ತೆ ಪಂಪಿಗೇ ಬರುತ್ತದೆ. ಕೊನೆಗೆ, ಎಂಜಿನ್ ಬಿಸಿಯಿದ್ದಾಗ, ಐಡಲನ್ನು 600 ಆರ್‌ಪಿಎಂಗೆ ಇಳಿಸಿದೆ. ಗುಳ್ಳೆ ನಿಂತರೂ ಬಿಳಿ ಹೊಗೆ ಉಳಿದರೆ ಟ್ಯಾಪೆಟ್ ಅಂತರವನ್ನೂ (ವಾಲ್ವ್‌ಗಳ ಮೇಲಿನ ಸಡಿಲ) ಕಂಪ್ರೆಷನ್ನನ್ನೂ (ಸಿಲಿಂಡರಿನೊಳಗೆ ಗಾಳಿ ಅದುಮಿದಾಗಿನ ಒತ್ತಡ) ಅಳೆಯಬೇಕು.